ನೀರು ಬಿಟ್ಟು ಎದ್ದ ದೋಣಿ

ನಮ್ಮೂರಲ್ಲಿ ಯಾರಾದರೂ ಸುಳ್ಳು ಹೇಳಿದರೆ ಬೇರೆ ಊರಿನವರ ಹಾಗೆ ‘ರೈಲು ಬಿಡಬೇಡ’ ಎನ್ನುವುದಿಲ್ಲ. ‘ದೋಣಿ ಬಿಡಬ್ಯಾಡ’ ಎನ್ನುತ್ತಾರೆ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆ ಬಿಟ್ಟು ಒಂದಿಷ್ಟು ಒಳಗೆ ಬಂದರೆ ನಮ್ಮೂರು. ಮೆಕ್ಕೆಜೋಳದ ಹೊಲ, ಕುರಿಹಟ್ಟಿ, ಊರ ಮುಂದೆ ಕೆರೆ. ಆ ಕೆರೆಯಲ್ಲಿ ಯಾವ ಕಾಲಕ್ಕೂ ದೋಣಿ ಇದ್ದದ್ದಿಲ್ಲ. ಮತ್ತೆ ಈ ಮಾತು ಎಲ್ಲಿಂದ ಬಂತು ಅಂದರೆ, ನಮ್ಮ ಮನೆಯಿಂದಲೇ ಬಂತು. ಶಾಲೆಯಲ್ಲಿ ಯಾರಾದರೂ ಹಾಗೆಂದರೆ ನಾನು ಸ್ಲೇಟು ಎತ್ತಿಕೊಂಡು ಹೊಡೆಯಲು ಹೋಗುತ್ತಿದ್ದೆ. ಸಿಟ್ಟು ನನಗೆ ಆಗಿನಿಂದಲೂ ಮೂಗಿನ ತುದಿಯಲ್ಲೇ.

ಅವ್ವನ ಅಪ್ಪ, ಅಂದರೆ ನನ್ನ ಅಜ್ಜ, ಕುರಿ ಕಾಯುತ್ತಿದ್ದವನು. ದೊಡ್ಡ ಯುದ್ಧದ ಕಾಲದಲ್ಲಿ ಮಿಲಿಟರಿಗೆ ಸೇರಿದ. ಬಂದೂಕು ಹಿಡಿಯುವ ಕೆಲಸವಲ್ಲ, ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ. ಕುರಿ ಕಾದವನಿಗೆ ಕತ್ತೆ ಯಾವ ಲೆಕ್ಕ ಅಂದುಕೊಂಡಿರಬೇಕು. ಕುಬಟೂರಿನ ಕುರಿಮನೆಯವನೊಬ್ಬ ಅವನ ಜೊತೆಗೇ ಸೇರಿದ. ಇಬ್ಬರನ್ನೂ ಬರ್ಮಾ ಕಡೆಗೆ ಕಳಿಸಿದರು. ಅಜ್ಜ ಹೊರಟಾಗ ಅಜ್ಜಿ ಬಸುರಿ.

ಅವ್ವ ಹುಟ್ಟಿದಳು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಆದರೆ ಅಜ್ಜಿ ಹಟ ಹಿಡಿದಳಂತೆ. ಹೆಸರನ್ನು ಕೂಸಿನ ಅಪ್ಪನೇ ಆರಿಸಲಿ, ಅವನು ರಜಕ್ಕೆ ಬರಲಿ, ಆಮೇಲೆ ಇಟ್ಟರಾಯಿತು. ಹೆಣ್ಣು ಹುಟ್ಟಿದೆ ಎಂದು ಯಾರ ಕೈಯಲ್ಲೋ ಕಾಗದ ಬರೆಸಿ ಹಾಕಿದರು. ಅಲ್ಲಿಯವರೆಗೆ ಎಲ್ಲರೂ ಕೂಸು, ಕೂಸು ಎಂದು ಕರೆದರು. ರಜ ಬರಲಿಲ್ಲ, ಅಪ್ಪನೂ ಬರಲಿಲ್ಲ, ಅವ್ವ ಕೂಸಾಗಿಯೇ ಉಳಿದಳು. ಎಂಬತ್ತು ದಾಟಿದ ಹೆಂಗಸನ್ನು ಊರಿನವರು ಇವತ್ತಿಗೂ ಕೂಸವ್ವ ಎನ್ನುತ್ತಾರೆ. ರೇಷನ್ ಕಾರ್ಡಿನಲ್ಲೂ ಅದೇ ಇದೆ.

ಯುದ್ಧ ಮುಗಿದ ಮೇಲೆ ಸರ್ಕಾರದಿಂದ ಒಂದು ಕಾಗದ ಬಂತು. ನಿಮ್ಮ ಮಗ ಕಾಣೆಯಾಗಿದ್ದಾನೆ ಎಂದು ಓದಿದವರು ಹೇಳಿದರು. ಕಾಣೆಯಾಗುವುದು ಅಂದರೆ ಏನು? ನಮ್ಮ ಕಡೆ ಕುರಿ ಕಾಣೆಯಾದರೆ ಹುಡುಕುತ್ತಾರೆ, ಮನುಷ್ಯ ಕಾಣೆಯಾದರೆ ಓಡಿಹೋದ ಎನ್ನುತ್ತಾರೆ. ಮುತ್ತಜ್ಜನ, ಅಂದರೆ ಅವ್ವನ ಅಜ್ಜನ, ತಲೆ ಕೆಟ್ಟುಹೋಯಿತು. ಅಷ್ಟರಲ್ಲೇ ಕುಬಟೂರಿನವನು ಜೀವಸಹಿತ ಊರಿಗೆ ಬಂದು, ಗೆಳೆಯನ ಸುದ್ದಿ ಹೇಳಲು ನಮ್ಮ ಮನೆ ಹುಡುಕಿಕೊಂಡು ಬಂದ.

ಆ ದಿನದ ಕತೆಯನ್ನು ಅಜ್ಜಿ ನನಗೆ ಎಷ್ಟೋ ಸಲ ಹೇಳಿದ್ದಳು. ಅವಳು ಆಗ ಒಳಮನೆಯ ಬಾಗಿಲ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಹೇಳುವಾಗಲೂ ಅಲ್ಲೇ ನಿಂತಿದ್ದಾಳೋ ಎಂಬಂತೆ ಸ್ವರ ತಗ್ಗಿಸುತ್ತಿದ್ದಳು.

“ಗುಡ್ಡದ ನಡುವೆ ಒಂದು ದೊಡ್ಡ ಸರೋವರ ಇತ್ತು ಮಾವ,” ಎಂದನಂತೆ ಕುಬಟೂರಿನವನು. “ಇವನಿಗೆ ಕೆಟ್ಟ ಜ್ವರ, ಎದ್ದು ಕೂರಕ್ಕೂ ಆಗ್ತಿರಲಿಲ್ಲ. ಜಡ್ಡಾದೋರ್ನ ಆಸ್ಪತ್ರೆಗೆ ಸಾಗ್ಸಕ್ಕೆ ಒಂದು ದೋಣಿ ಬಂತು. ದೋಣಿ ಅಂದ್ರೆ ಮನೆಯಷ್ಟು ದೊಡ್ಡದು, ಒಳಗೆ ಅಟ್ಟ ಬೇರೆ. ಅದು ಬಂದಿದ್ದು ಆಕಾಶದಿಂದ. ರೆಕ್ಕೆ ಇತ್ತು. ರೆಕ್ಕೆ ತುದಿಗೆ ಆಚೆಗೊಂದು ಈಚೆಗೊಂದು ಮರಿದೋಣಿ ಕಟ್ಟಿದ್ರು. ನಾನೇ ಇವನನ್ನ ಹೊತ್ಕಂಡು ಹೋಗಿ ಒಳಗೆ ಮಲಗ್ಸಿ ಬಂದೆ. ಅದು ನೀರ್ ಮೇಲೆ ಓಡ್ತು, ಓಡ್ತು, ಕೊನೆಗೆ ಎದ್ದು ಮೋಡದೊಳಗೆ ಹೋತು. ಆಸ್ಪತ್ರೆಗೆ ಮುಟ್ಲೇ ಇಲ್ಲಂತೆ.”

ಜಗಲಿಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ವಿಮಾನ ಅಂದಿದ್ದರೆ ನಂಬುತ್ತಿದ್ದರೋ ಏನೋ. ಆ ಕಾಲಕ್ಕೆ ಒಂದೆರಡು ವಿಮಾನ ನಮ್ಮ ಹೊಲದ ಮೇಲೂ ಹಾದುಹೋಗಿದ್ದವು. ಆದರೆ ನೀರಿನ ಮೇಲೆ ಕೂರುವ ದೋಣಿ, ಅದೇ ಎದ್ದು ಹಾರುವುದು!

“ನಿಮ್ಮ ಕೆರೇಲಿ ನಾಮದಕೋಳಿ ಇದಾವಲ್ಲ,” ಎಂದನಂತೆ ಪಾಪ, ಹೇಗಾದರೂ ತಿಳಿಸಬೇಕೆಂದು. “ರೆಕ್ಕೆ ಬಡ್ಕಂಡು ನೀರ್ ಮೇಲೆ ದೂರ ಓಡಿ ಆಮೇಲೆ ಏಳ್ತಾವಲ್ಲ, ಹಾಂಗೆ.” ಯಾರೋ ಕಿಸಕ್ಕೆಂದು ನಕ್ಕರು. ಮುತ್ತಜ್ಜ ನಗಲಿಲ್ಲ. ಒಳಗೆ ಹೋಗಿ ಕರಿಕಂಬಳಿ ತಂದು ಅಂಗಳದಲ್ಲಿ ಹಾಸಿದ. ಅದರ ಮೇಲೆ ದೇವರ ಭಂಡಾರದ ಅರಿಶಿನಪುಡಿ ಇಟ್ಟ. ನಮ್ಮ ಜನ ಪೊಲೀಸು, ಕೋರ್ಟು ಯಾವುದಕ್ಕೂ ಅಷ್ಟು ಹೆದರುವುದಿಲ್ಲ, ಭಂಡಾರ ಮುಟ್ಟಿ ಸುಳ್ಳಾಡಲು ಹೆದರುತ್ತಾರೆ.

“ಮುಟ್ಟು,” ಎಂದ ಮುತ್ತಜ್ಜ. “ನನ್ನ ಮಗ ಸತ್ತಾನೆ ಅಂತ ಆಣೆ ಮಾಡು. ಮುಂದಿನ ಕಾರ್ಯ ನಾವು ನೋಡ್ಕೆಂತೀವಿ.”

ಅವನು ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಒಮ್ಮೆ ಬಾಗಿಲ ಕಡೆ ನೋಡಿದನಂತೆ. ಆಮೇಲೆ, “ಎದ್ದಿದ್ದಕ್ಕೆ ಮುಟ್ತೀನಿ ಮಾವ. ಬಿದ್ದಿದ್ದು ನಾನು ನೋಡ್ಲಿಲ್ಲ. ಸತ್ತ ಅಂತ ಹ್ಯಾಗೆ ಮುಟ್ಲಿ?” ಎಂದ.

“ದೋಣಿ ಹಾರಿದ್ದಕ್ಕೆ ಭಂಡಾರ ಮುಟ್ತಾನಂತೆ ಭಂಡಾರ!” ಎಂದು ಮುತ್ತಜ್ಜ ಅವನ ಕೈ ಕೆಳಗಿಂದ ಕಂಬಳಿಯನ್ನು ಎಳೆದುಬಿಟ್ಟ. ಅರಿಶಿನವೆಲ್ಲ ಅಂಗಳಕ್ಕೆ ಚೆಲ್ಲಿತು. “ನಡೀ ಎದ್ದು.”

ಅವನು ಎದ್ದ. ಅಂಗಳದ ತಡಿಕೆ ಬಾಗಿಲು ದಾಟುವ ಮೊದಲು ತಿರುಗಿ, “ಇನ್ನೊಂದು ಮಾತಿತ್ತು,” ಎಂದ. “ಸಾಕು ನಿನ್ನ ಮಾತು,” ಎಂದ ಮುತ್ತಜ್ಜ. ಅಷ್ಟೇ. ಅವನು ಮತ್ತೆ ನಮ್ಮೂರಿಗೆ ಕಾಲಿಡಲಿಲ್ಲ.

ಆಮೇಲೆ ಊರೇ ಕೂತು ಅರ್ಥ ಕಟ್ಟಿತು. ಅಜ್ಜ ಬರ್ಮಾದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ, ಅದನ್ನು ಮುಚ್ಚಿಡಲು ಗೆಳೆಯ ಬಂದು ದೋಣಿ ಬಿಟ್ಟ. ಸತ್ತಿದ್ದರೆ ಆಣೆ ಮಾಡಲು ಏನು ಕಷ್ಟವಿತ್ತು? ಕೇಳಿದವರಿಗೆಲ್ಲ ಇದು ಸರಿ ಕಂಡಿತು. ಅಜ್ಜಿಗೂ ಕಂಡಿತು. ಅವಳು ಬಳೆ ತೆಗೆಯಲಿಲ್ಲ, ವಿಧವೆ ಎಂದು ಬರೆದ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲ. ಎಲ್ಲೋ ಇದ್ದಾನಲ್ಲ, ಇರಲಿ ಎಂದುಕೊಂಡೇ ಮುದುಕಿಯಾದಳು. ಸತ್ತಾಗ ಮುತ್ತೈದೆಯೆಂದೇ ಉಡಿ ತುಂಬಿ ಮಣ್ಣು ಮಾಡಿದೆವು.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಕೊಂಡ ಒಬ್ಬೊಬ್ಬರ ಹೆಸರಿಗೆ ಬಟ್ಟೆ ಇಟ್ಟು, ಗಂಡಸಾದರೆ ಮಡಿಸಿದ ಕಂಬಳಿ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಎಡೆ ಬಡಿಸುತ್ತೇವೆ. ಮುತ್ತಜ್ಜನಿಗೆ ಕಂಬಳಿ ಇತ್ತು. ಮನೆಯಳಿಯನಾಗಿ ಬಂದ ನನ್ನ ಅಪ್ಪ ಹೋದ ಮೇಲೆ ಅವನಿಗೂ ಇಟ್ಟೆವು. ಅಜ್ಜನಿಗೆ ಮಾತ್ರ ಇಲ್ಲ. “ಈಗ್ಲಾದ್ರೂ ಇಡಾಣ ಬಿಡವ್ವಾ, ಎಲ್ಲಿದ್ರೂ ಇಷ್ಟ್ ವರ್ಷ ಬದುಕಿರ್ತಾನಾ?” ಎಂದು ನನ್ನ ತಮ್ಮ ಒಮ್ಮೆ ಕೇಳಿದ. ಅವ್ವ ಕೈಲಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದಳು. “ನಮ್ಮನ್ನ ಬ್ಯಾಡ ಅಂತ ಬಿಟ್ಟೋದೋನು. ನನಗೆ ಒಂದು ಹೆಸರಿಡಕ್ಕೂ ಬರ್ಲಿಲ್ಲ. ಎಡೆ ತಿನ್ನಕ್ಕೆ ಬರ್ತಾನಾ?” ಎಂದಳು. ಅವಳ ಸಿಟ್ಟೇ ನನಗೆ ಬಂದಿದೆ, ಅದರಲ್ಲಿ ಅನುಮಾನವಿಲ್ಲ.

ಹೋದ ವರ್ಷದ ಮಾತು. ನಾನು ಶಿರಾಳಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಸಂತೆಯ ದಿನ ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಕೂತಾಗ ಮೊಬೈಲಿನಲ್ಲಿ ಏನೇನೋ ನೋಡುವ ಚಟ. ಒಗ್ಗರಣೆ, ರವಿಕೆಯ ಡಿಸೈನು, ಯಾರದೋ ಮದುವೆ. ಬೆರಳು ಸರಿಸುತ್ತಾ ಹೋದರೆ ಒಂದು ಹಳೆಯ ಕಪ್ಪುಬಿಳಿ ವಿಡಿಯೋ ಬಂತು. ಅಗಲವಾದ ನೀರು, ಹಿಂದೆ ಗುಡ್ಡ. ನೀರಿನ ಮೇಲೆ ಏನೋ ದೊಡ್ಡದು ಕೂತಿದೆ. ಹೊಟ್ಟೆ ದೋಣಿಯದು. ಮೇಲೆ ರೆಕ್ಕೆ, ರೆಕ್ಕೆಗೆ ನಾಲ್ಕು ಫ್ಯಾನು. ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದು ನಿಂತು, ಸ್ಟ್ರೆಚರಿನಲ್ಲಿ ಮಲಗಿದವರನ್ನು ಅದರ ಬಾಗಿಲೊಳಗೆ ದಾಟಿಸುತ್ತಿದ್ದಾರೆ.

ರೆಕ್ಕೆಯ ತುದಿಗೆ ಕಣ್ಣು ಹೋಯಿತು. ಆಚೆಗೊಂದು ಈಚೆಗೊಂದು ಮರಿದೋಣಿ.

ರೊಟ್ಟಿ ಬಾಯಲ್ಲೇ ಉಳಿಯಿತು. ಅಯ್ಯೋ ದೇವರೇ ಎಂದು ಜೋರಾಗಿಯೇ ಅಂದಿರಬೇಕು, ಪಕ್ಕದ ಬಳೆ ಅಂಗಡಿಯವಳು ಬಂದು ಬಗ್ಗಿ ನೋಡಿದಳು. “ಏನ್ರೀ, ಸೂಜಿ ಚುಚ್ಚಿಕೆಂಡ್ರಾ?” ಎಂದು ಕೇಳಿದಳು. ಅವತ್ತೇ ಕೊಡಬೇಕಿದ್ದ ರವಿಕೆಗಳನ್ನು ಹಾಗೇ ಬಿಟ್ಟು, ಶಟರ್ ಎಳೆದು ಊರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನೇ ಮತ್ತೆ ಮತ್ತೆ ನೋಡಿದೆ. ಇಷ್ಟು ದೊಡ್ಡ ನಿಜವೊಂದು ಜಗತ್ತಿನಲ್ಲಿ ಇತ್ತು, ನಾವು ಅದನ್ನು ಬೈಗುಳ ಮಾಡಿಕೊಂಡು ಕೂತಿದ್ದೆವು.

ಅವ್ವ ತಮ್ಮನ ಮನೆಯ ಜಗಲಿಯಲ್ಲಿ ಉಣ್ಣೆ ಹಿಂಜುತ್ತಾ ಕೂತಿದ್ದಳು. ಏನೂ ಹೇಳದೆ ಮೊಬೈಲನ್ನು ಅವಳ ಕಣ್ಣಿನ ಮುಂದೆ ಹಿಡಿದೆ.

ಚಿತ್ರದಲ್ಲಿ ದೋಣಿಯ ಬಾಗಿಲು ಮುಚ್ಚಿತು. ಅದು ಮೆಲ್ಲಗೆ ತಿರುಗಿ ಓಡತೊಡಗಿತು. ಹೊಟ್ಟೆಯ ಎರಡೂ ಬದಿಗೆ ನೀರು ಆಳೆತ್ತರ ಸಿಡಿಯಿತು. ಎಷ್ಟು ಓಡಿದರೂ ಏಳುವುದಿಲ್ಲ, ಮೂಗು ಎತ್ತುತ್ತದೆ, ಮತ್ತೆ ಕೂರುತ್ತದೆ.

“ನೀರು ಬಿಡವಲ್ದು ನೋಡು,” ಎಂದಳು ಅವ್ವ. ಉಣ್ಣೆ ಕೈಯಿಂದ ಜಾರಿತ್ತು.

ಆಮೇಲೆ ನೀರು ಬಿಟ್ಟಿತು. ದೋಣಿಯ ಹೊಟ್ಟೆಯಿಂದ ನೀರು ಧಾರೆಯಾಗಿ ಸುರಿಯುತ್ತಿರುವಂತೆಯೇ ಅದು ಎದ್ದಿತು. ಗುಡ್ಡದ ತಲೆಯನ್ನು ಸವರಿಕೊಂಡು ಹೋಗಿ ಸಣ್ಣದಾಯಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಇನ್ನೊಂದ್ಸಲ ಹಾಕು,” ಎಂದಳು. ಹಾಕಿದೆ. ಮತ್ತೆ ಹಾಕು ಎಂದಳು. ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಮೇಯಲು ಹೋದ ಕುರಿ ಹಟ್ಟಿಗೆ ಬಂದವು, ತಮ್ಮ ಬಂದ, ಅವನೂ ಬಾಯಿ ಬಿಟ್ಟುಕೊಂಡು ನಿಂತ. ಇಂಥವನ್ನು ಯುದ್ಧದಲ್ಲಿ ಸಾಮಾನು, ಜನ ಸಾಗಿಸಲು ಇಟ್ಟಿದ್ದರಂತೆ, ಮೋಡದಲ್ಲಿ ದಾರಿ ತಪ್ಪಿ ಗುಡ್ಡಕ್ಕೆ ಬಡಿದಂಥವೂ, ಸಮುದ್ರಕ್ಕೆ ಬಿದ್ದಂಥವೂ ಇದ್ದವಂತೆ, ಕೆಲವು ಇವತ್ತಿಗೂ ಸಿಕ್ಕಿಲ್ಲವಂತೆ ಎಂದು ನಾನು ಓದಿ ತಿಳಿದಷ್ಟನ್ನು ಹೇಳಿದೆ. ಅಜ್ಜನ ದೋಣಿ ಯಾವುದು, ಎಲ್ಲಿ ಹೋಯಿತು ಎಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಇದನ್ನೂ ಅವಳಿಗೆ ಹೇಳಿದೆ.

“ಹಂಗಾರೆ ಆ ಮನುಷ್ಯ ಸುಳ್ಳು ಹೇಳಿರ್ಲಿಲ್ಲ,” ಎಂದಳು ಅವ್ವ. ಜಾರಿದ ಉಣ್ಣೆ ಎತ್ತಿಕೊಂಡು, “ಆದ್ರೂ ಹಾರಿದ್ದು ಹೌದು ಅಂದಮಾತ್ರಕ್ಕೆ ಅಪ್ಪ ನಮ್ಮನ್ನ ಬಿಡ್ಲಿಲ್ಲ ಅಂತ ಹೆಂಗೆ ಹೇಳಾದು? ಎಲ್ಲಾರ ಇಳಿದು ಹೋಗಿದ್ರೆ?” ಎಂದು ನನ್ನ ಮುಖ ನೋಡಿದಳು. ಇಡೀ ಬದುಕು ಒಂದು ಸಿಟ್ಟಿನ ಮೇಲೆ ನಿಂತವಳು, ಅದನ್ನು ಅಷ್ಟು ಸುಲಭಕ್ಕೆ ಬಿಡಲು ಅವಳಿಗೆ ಹೆದರಿಕೆ. “ಅವತ್ತು ಇನ್ನೊಂದು ಮಾತಿತ್ತು ಅಂದಿದ್ನಲ್ಲ. ಅದೇನು ಅಂತ ಕೇಳ್ಬೇಕು. ಕುಬಟೂರಿಗೆ ಹೋಗಾಣ.”

ಹೇಳಿದವನು ಸತ್ತು ಎಷ್ಟೋ ಕಾಲವಾಗಿದೆ ಎಂದೆ. “ಮನೆ ಐತಲ್ಲ,” ಎಂದಳು.

ಆನವಟ್ಟಿವರೆಗೆ ಬಸ್ಸು, ಅಲ್ಲಿಂದ ಆಟೋ. ಅವ್ವ ಹೊಸ ಕಂಬಳಿಯೊಂದನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಭಂಡಾರದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಬರ್ಮಾಕ್ಕೆ ಹೋಗಿ ಬಂದ ಮಿಲಿಟರಿ ಅಜ್ಜನ ಮನೆ ಎಂದು ಕೇಳಿದರೆ ಆಟೋದವನಿಗೆ ತಿಳಿಯಿತು. ಗುಡಿ ದಾಟಿ, ಕೆರೆ ಏರಿಯ ಪಕ್ಕದ ಹೆಂಚಿನ ಮನೆಗೆ ಬಿಟ್ಟ. ಅಲ್ಲಿ ಆ ಅಜ್ಜನ ಮಗಳಿದ್ದಳು. ಊರಲ್ಲೇ ಸೋದರತ್ತೆಯ ಮಗನಿಗೆ ಕೊಟ್ಟಿದ್ದರಿಂದ ತವರು ಬಿಟ್ಟು ಹೋದವಳಲ್ಲ. ಅವ್ವನಿಗಿಂತ ಐದಾರು ವರ್ಷ ಚಿಕ್ಕವಳು, ಗಟ್ಟಿಮುಟ್ಟಾದ ಹೆಂಗಸು.

“ಬನ್ನಿ, ಕೂತ್ಕಳಿ. ಯಾರು ಅಂತ ಗೊತ್ತಾಗ್ಲಿಲ್ಲ,” ಎಂದಳು.

ಅವ್ವ ಕೂರಲಿಲ್ಲ. ಸುತ್ತಿಬಳಸಿ ಮಾತಾಡುವ ಅಭ್ಯಾಸ ಅವಳಿಗಿಲ್ಲ. “ನಿಮ್ಮಪ್ಪನ ಕೈ ಕೆಳಗಿಂದ ಕಂಬಳಿ ಎಳೆದ್ರಲ್ಲ, ಆ ಮನೆಯೋಳು ನಾನು,” ಎಂದಳು.

ಆ ಹೆಂಗಸು ಗೋಡೆಗೆ ಕೈ ಕೊಟ್ಟು ನಿಂತುಕೊಂಡಳು. ಬೈಯುತ್ತಾಳೆ, ಬೈಸಿಕೊಳ್ಳಬೇಕು ಎಂದು ನಾನು ತಯಾರಾದೆ. ಅವಳು ಅವ್ವನ ಹತ್ತಿರ ಬಂದು ಮುಖವನ್ನೇ ನೋಡಿದಳು. “ನೀವು... ಆ ಕೂಸಾ?” ಎಂದಳು.

ಅವ್ವ ಅಂಗಳದಲ್ಲಿ ಕಂಬಳಿ ಹಾಸಿದಳು. ಅದರ ಮೇಲೆ ಭಂಡಾರ ಇಟ್ಟಳು. “ನಿಮ್ಮಪ್ಪ ಮುಟ್ಟಕ್ಕೆ ಬಂದಾಗ ನಾವು ಬಿಡ್ಲಿಲ್ಲ. ದೋಣಿ ಹಾರಿದ್ದು ಹೌದು, ನಾನೇ ಕಣ್ಣಾರೆ ನೋಡ್ದೆ,” ಎಂದು ಬಗ್ಗಿ ತಾನೇ ಭಂಡಾರ ಮುಟ್ಟಿದಳು. “ತಪ್ಪಾತು. ಈಗ ಇದರ ಮ್ಯಾಲೆ ನೀವು ಕುಂದರ್ರಿ. ಅವತ್ತು ಉಳಿದಿದ್ದ ಮಾತು ಏನು, ಹೇಳ್ರಿ.”

“ಒಬ್ಳೇ ಕೂರಲ್ಲ, ನೀವೂ ಬನ್ನಿ,” ಎಂದು ಆ ಹೆಂಗಸು ಅವ್ವನನ್ನೂ ಎಳೆದು ಕೂರಿಸಿಕೊಂಡಳು. ಇಬ್ಬರು ಮುದುಕಿಯರು ಒಂದೇ ಕಂಬಳಿಯ ಮೇಲೆ ಕೂತರು. ನಾನು ಜಗಲಿಯ ಅಂಚಿನಲ್ಲಿ ನಿಂತಿದ್ದೆ.

ಅವಳು ಹೇಳಿದ್ದು ಇಷ್ಟು. ಆಣೆ ಮಾಡಲು ಕೈ ಚಾಚಿದಾಗ ಅವಳ ಅಪ್ಪನಿಗೆ ಬಾಗಿಲ ಹಿಂದಿನಿಂದ ಬಳೆಯ ಸದ್ದು ಕೇಳಿಸಿತಂತೆ. ಕೂಸನ್ನು ತಟ್ಟುವ ಕೈಯ ಬಳೆ. ಸತ್ತ ಎಂದು ತಾನು ಮುಟ್ಟಿದ ಗಳಿಗೆಗೇ ಆ ಬಳೆ ಒಡೆಯುತ್ತಾರೆ. ಎದ್ದದ್ದನ್ನು ಕಂಡವನು, ಬಿದ್ದದ್ದನ್ನು ಕಾಣದವನು, ಅದನ್ನು ಒಡೆಸುವುದು ಹೇಗೆ? “ಅಪ್ಪ ಸಾಯೋ ತನಕ ಅದನ್ನೇ ಹೇಳ್ತಿದ್ರು,” ಎಂದಳು.

ನನಗೆ ಅಲ್ಲೇ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅವನು ಒಂದು ಬಳೆ ಉಳಿಸಿದ, ಅಜ್ಜಿ ಆ ಬಳೆ ತೊಟ್ಟುಕೊಂಡು ಗಂಡ ಬಿಟ್ಟುಹೋದನೆಂದೇ ಬದುಕು ಸವೆಸಿದಳು. ಆದರೆ ಯಾರ ಮೇಲೆ ಸಿಟ್ಟು ಮಾಡುವುದು? ಸುಳ್ಳಾಡಲಾರದ ಒಬ್ಬ, ಮಗನ ಸುದ್ದಿಗೆ ಬಾಯಿಬಾಯಿ ಬಿಡುತ್ತಿದ್ದ ಇನ್ನೊಬ್ಬ. ಸಿಟ್ಟು ಬಂದಷ್ಟೇ ಬೇಗ ಇಳಿಯಿತು.

“ಉಳಿದ ಮಾತು?” ಎಂದಳು ಅವ್ವ.

“ನಿಮ್ಮಪ್ಪ ಆ ದೋಣಿ ಹತ್ತೋ ದಿನ ಕಾಗದ ಬಂದಿತ್ತಂತೆ. ಹೆಣ್ಣು ಹುಟ್ಟೈತೆ ಅಂತ ಯಾರೋ ಓದಿ ಹೇಳಿದ್ರಂತೆ. ಜ್ವರದಲ್ಲಿ ಮೈ ಸುಡ್ತಿದ್ರೂ ನಗ್ತಿದ್ರಂತೆ. ನಮ್ಮಪ್ಪ ಒಳಗೆ ಮಲಗ್ಸಿ ಬರೋವಾಗ ಕೈ ಹಿಡ್ಕಂಡು, ಕೂಸಿಗೆ ಈ ಹೆಸರು ಆರಿಸೀನಿ, ನಾನು ಹೋಗೋದು ತಡ ಆದ್ರೆ ನೀನು ಹೋಗಿ ನನ್ನ ಅಕ್ಕನಿಗೆ ಹೇಳು, ಕಿವೀಲಿ ಕೂಗ್ಲಿ ಅಂದ್ರಂತೆ. ಹೆಸರು ಹೇಳಕ್ಕೇ ನಮ್ಮಪ್ಪ ನಿಮ್ಮೂರಿಗೆ ಬಂದಿದ್ದು. ಮೊದಲು ದೋಣಿ ಸುದ್ದಿ, ಆಮೇಲೆ ಹೆಸರು ಅಂದ್ಕಂಡು ಹೋಗಿದ್ರು.”

ನೂಕಿಸಿಕೊಂಡ ಹೊಸ್ತಿಲನ್ನು ಆ ಹೆಂಗಸಿನ ಅಪ್ಪ ಮತ್ತೆ ತುಳಿಯಲಿಲ್ಲವಂತೆ. ಕಿವಿಯಲ್ಲಿ ಹೇಳಬೇಕಾದ ಹೆಸರನ್ನು ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲವಂತೆ.

“ಹಂಗಾರೆ ಆ ಹೆಸರು ಹೋತು,” ಎಂದಳು ಅವ್ವ, ತೀರ ಸಣ್ಣ ಸ್ವರದಲ್ಲಿ.

“ಎಲ್ಲಿಗೆ ಹೋಗುತ್ತೆ? ನನಗೇ ಇಟ್ರು,” ಎಂದು ಆ ಹೆಂಗಸು ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡಳು. “ಇದು ನಿಂದಲ್ಲ ಮಗಾ, ಶಿಕಾರಿಪುರದ ಕಡೆ ಒಂದು ಕೂಸಿಂದು, ಅದು ಬರೋತನಕ ನೀನು ಇಟ್ಕಂಡಿರು ಅಂತಿದ್ರು. ನಾನು ಇಷ್ಟು ದಿನ ಇಟ್ಕಂಡಿದೀನಿ, ತಗಳಿ.”

ಅವಳು ಅವ್ವನ ಸೆರಗನ್ನು ಸರಿಸಿ, ಬಿಳಿ ಕೂದಲನ್ನು ಕಿವಿಯ ಹಿಂದಕ್ಕೆ ಒತ್ತಿ, ಬಾಗಿ ಹೇಳಿದಳು. ಒಂದು ಸಲ. ಎರಡು ಸಲ. ಮೂರನೆಯದನ್ನು ಹೇಳುವಾಗ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವಳ ಕಿವಿಗೆ ಸೇರಿದ್ದು. ದೊಡ್ಡ ಹೆಸರೇನಲ್ಲ, ನಮ್ಮ ಕಡೆ ಮನೆಗೊಬ್ಬರು ಇರುವಂಥದ್ದು. ಅದನ್ನು ಜ್ವರದ ಮನುಷ್ಯನೊಬ್ಬ ಆಕಾಶಕ್ಕೆ ಏಳುವ ಮೊದಲು ನೆಲಕ್ಕೆ ಬಿಟ್ಟು ಹೋದ, ಇನ್ನೊಬ್ಬ ಬರ್ಮಾದಿಂದ ಹೊತ್ತು ತಂದ, ಅವನ ಮಗಳು ಜೋಪಾನ ಮಾಡಿದಳು.

ಹೊರಡುವಾಗ ಅವ್ವ ಕೇಳಿದ್ದು ಒಂದೇ. “ನಮ್ಮಪ್ಪನಿಗೆ ಏನು ಇಷ್ಟ ಇತ್ತು, ನಿಮ್ಮಪ್ಪ ಹೇಳಿದ್ರಾ?” ನಮ್ಮ ಮನೆಯಲ್ಲಿ ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. “ಹುರುಳಿಕಟ್ಟಿನ ಸಾರು,” ಎಂದಳು ಅವಳು. “ಅಲ್ಲಿ ಡಬ್ಬಿ ಊಟ ಮಾಡೋವಾಗೆಲ್ಲ ಅದನ್ನೇ ನೆನೆಸ್ತಿದ್ರಂತೆ.”

ಮಹಾಲಯ ಅಮಾವಾಸ್ಯೆಗೆ ಅವಳೂ ಬಂದಳು. ಅವಳನ್ನು ಕರೆತಂದ ಆಟೋ ಕೆರೆ ಏರಿಯ ಮೇಲೆ ಬರುವಾಗ ನೀರಿನಲ್ಲಿ ಒಂದು ಹಿಂಡು ನಾಮದಕೋಳಿ ರೆಕ್ಕೆ ಬಡಿಯುತ್ತಾ ಓಡಿ ಎದ್ದವಂತೆ, ಅದನ್ನು ಬಂದವಳೇ ಹೇಳಿದಳು. ಒಳಮನೆಯಲ್ಲಿ ಹಿರಿಯರ ಸಾಲಿಗೆ ಎರಡು ಹೊಸ ಕಂಬಳಿ ಇಟ್ಟೆವು. ಒಂದು ಅಜ್ಜನದು, ಒಂದು ಕುಬಟೂರಿನ ಅಜ್ಜನದು. ಬೇರೆ ಮನೆತನದವನಿಗೆ ಎಡೆ ಇಡಬಹುದೇ ಎಂದು ಊರ ಹಿರಿಯರೊಬ್ಬರು ಬಾಯಿ ತೆರೆದರು, ಅವ್ವ ಒಮ್ಮೆ ನೋಡಿದಳು, ಮುಚ್ಚಿಕೊಂಡರು. ಹುರುಳಿಕಟ್ಟಿನ ಸಾರನ್ನು ಅವ್ವ ತನ್ನ ಕೈಯಾರೆ ಮಾಡಿ ಬಡಿಸಿದಳು. ಅಜ್ಜಿಯ ಸೀರೆಯನ್ನು ಎತ್ತಿ ಅಜ್ಜನ ಕಂಬಳಿಯ ಮಗ್ಗುಲಿಗೆ ಇಟ್ಟಳು.

ಊದಿನಕಡ್ಡಿ ಹಚ್ಚಿದ ಮೇಲೆ ಎಡೆ ಮುಟ್ಟಲು ಹಿರಿಯರಿಗೆ ಸ್ವಲ್ಪ ಹೊತ್ತು ಬಿಟ್ಟು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಬೇಕು. ನಾವು ಬಂದೆವು. ಅವ್ವ ಬರಲಿಲ್ಲ. ಸಂದಿಯಿಂದ ನೋಡಿದೆ. ಅವಳು ಮೊಣಕಾಲೂರಿ ಕಂಬಳಿಯ ಹತ್ತಿರ ಬಗ್ಗಿದ್ದಳು, ಕಿವಿಯಲ್ಲಿ ಹೇಳುವವರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

“ಅಪ್ಪಾ,” ಎಂದಳು. ಹುಟ್ಟಿದಂದಿನಿಂದ ಯಾರನ್ನೂ ಹಾಗೆ ಕರೆದವಳಲ್ಲ. “ಅಪ್ಪಾ, ನಾನು.” ಆಮೇಲೆ ತನ್ನ ಹೆಸರು ಹೇಳಿದಳು. ಕೂಸು ಎನ್ನಲಿಲ್ಲ, ಅವನು ಇಟ್ಟ ಹೆಸರನ್ನೇ ಹೇಳಿದಳು.